ಶಾಲು ಹೊದಿಸಿ ಕಳಿಸಿದ ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಯಾರ ಹೆಸರೂ ಬರಲ್ಲ, ಕೆರೆ ಹೆಸರೂ ಬರಲ್ಲ. ಮೈಸೂರು ರಿಂಗ್ ರೋಡ್ ಹತ್ರ ಇರೋ ಒಂದು ಕೆರೆ ಅಂತ ಇಟ್ಕೊಳ್ಳಿ ಸಾಕು. ಮೈಸೂರು ಎಷ್ಟು ಸಣ್ಣ ಊರು ಅಂತ ಇಲ್ಲಿರೋರಿಗೆ ಗೊತ್ತು, ಸರಸ್ವತಿಪುರಂನಲ್ಲಿ ಸೀನಿದ್ರೆ ಕುವೆಂಪುನಗರದಲ್ಲಿ ಕರ್ಚೀಫ್ ಕೊಡ್ತಾರೆ. ಹಾಗಾಗಿ ಕೆಲವು ವಿವರ ಬೇಕಂತ್ಲೇ ಬದಲಾಯಿಸಿದೀನಿ. ಬರೆದಿದ್ದನ್ನ ಕಂಪ್ಲೇಂಟ್ ಕೊಟ್ಟ ಹುಡುಗಿಗೆ ಮೊದಲು ಓದೋಕೆ ಕೊಟ್ಟೆ, ಅವಳು ಎರಡು ಕಡೆ ಗೆರೆ ಎಳೆದು ತೆಗೆಸಿದಳು, ಆಮೇಲೆ ಉಳಿದಿದ್ದು ಇದು.

ನಮ್ಮದು ಭಾನುವಾರದ ಸಂಘ. ಬೆಳಿಗ್ಗೆ ಆರೂವರೆಗೆ ಸೇರೋದು, ಅಂತರಗಂಗೆ ಎಳೆದು ದಡಕ್ಕೆ ಹಾಕೋದು, ಪ್ಲಾಸ್ಟಿಕ್ ಆಯೋದು, ಮಳೆಗಾಲದಲ್ಲಿ ಹೊಂಗೆ ನೇರಳೆ ಗಿಡ ನೆಡೋದು, ಚಳಿಗಾಲದಲ್ಲಿ ಹಕ್ಕಿ ಎಣಿಸೋದು, ಒಂಬತ್ತಕ್ಕೆ ಇಡ್ಲಿ ತಿಂದು ಮನೆಗೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡ್ಸಿದ್ವಿ, ಅದಿಲ್ದೆ ಬ್ಯಾಂಕ್ ಅಕೌಂಟ್ ಕಷ್ಟ, ಕಂಪನಿಗಳು ಗಿಡಕ್ಕೆ ದುಡ್ಡು ಕೊಡಲ್ಲ. ಏಳು ಜನರ ಕಮಿಟಿ, ನಾನು ಜಾಯಿಂಟ್ ಸೆಕ್ರೆಟರಿ. ಜಾಯಿಂಟ್ ಸೆಕ್ರೆಟರಿ ಅಂದ್ರೆ ಮಿನಿಟ್ಸ್ ಬರೆಯೋನು, ಗುದ್ದಲಿ ಎಣಿಸಿ ಒಳಗಿಡೋನು, ಅಷ್ಟೇ.

ಅಧ್ಯಕ್ಷರನ್ನ ಎಲ್ಲರೂ ‘ಸರ್’ ಅಂತಿದ್ರು, ನಾನೂ ಇಲ್ಲಿ ಹಾಗೇ ಅಂತೀನಿ. ಸಂಘ ಕಟ್ಟಿದ್ದೇ ಅವರು. ಕಾರ್ಪೊರೇಷನ್ನಿಗೆ ಹೋಗಿ ಕೂತು ಕೆಲಸ ಮಾಡ್ಸೋ ತಾಳ್ಮೆ, ಅರಣ್ಯ ಇಲಾಖೆ ನರ್ಸರಿಯಿಂದ ಸಸಿ ತರ್ಸೋ ಸಂಪರ್ಕ, ಕಾಲೇಜು ಮಕ್ಕಳನ್ನ ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸೋ ಮಾತು, ಎಲ್ಲಾ ಅವರದ್ದೇ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕೆಟ್ಟವರು ಅಂತ ಹಣೆ ಮೇಲೆ ಬರ್ಕೊಂಡಿದ್ದವರಾಗಿದ್ರೆ ನಮಗೆ ಇಷ್ಟು ಗೊಂದಲ ಆಗ್ತಾನೇ ಇರ್ಲಿಲ್ಲ.

ಒಂದು ಮಧ್ಯಾಹ್ನ ಕಮಿಟಿಯ ಒಬ್ಬರು ಮೇಡಂ ಫೋನ್ ಮಾಡಿದ್ರು, ದನಿ ಸರಿ ಇರ್ಲಿಲ್ಲ. ಒಬ್ಬಳು ವಾಲಂಟಿಯರ್ ಹುಡುಗಿ ಅವರ ಮನೆಗೆ ಬಂದು ಮೊಬೈಲ್ ಮುಂದೆ ಇಟ್ಟಿದ್ದಾಳೆ. ರಾತ್ರಿ ಹನ್ನೊಂದು, ಹನ್ನೆರಡು ಗಂಟೆ ಮೆಸೇಜುಗಳು, ಮೊದಮೊದಲು ಹಕ್ಕಿ ಫೋಟೋ, ಆಮೇಲೆ ‘ಊಟ ಆಯ್ತಾ’, ಆಮೇಲೆ ‘ನಿನ್ನ ಹಾಗೆ ಅರ್ಥ ಮಾಡ್ಕೊಳ್ಳೋರು ಮನೇಲೂ ಇಲ್ಲ’, ಆಮೇಲೆ ಇಲ್ಲಿ ಬರೆಯೋಕಾಗದ್ದು. ಸರ್ವೆಗೆ ಅಂತ ಕಾರಲ್ಲಿ ಒಬ್ಬಳನ್ನೇ ಕರ್ಕೊಂಡು ಹೋಗಿದ್ದು, ದಾರೀಲಿ ನಡ್ಕೊಂಡಿದ್ದು. ಅವಳು ಬರೋದು ನಿಲ್ಲಿಸಿದ ಮೇಲೂ ಮೆಸೇಜ್ ನಿಂತಿರ್ಲಿಲ್ಲ. ಮೇಡಂ ಮೆಲ್ಲಗೆ ವಿಚಾರಿಸಿದಾಗ ಇನ್ನೊಬ್ಬಳೂ ಸಿಕ್ಕಿದಳು, ಅದೇ ಕ್ರಮ, ಅದೇ ಹಕ್ಕಿ ಫೋಟೋ.

ಅವತ್ತು ಸಂಜೆ ಸರ್ ಬಿಟ್ಟು ಉಳಿದ ಆರು ಜನ ಒಬ್ಬರ ಮನೇಲಿ ಸೇರಿದ್ವಿ. ಕೇಸರಿಬಾತ್ ಕೊಟ್ಟಿದ್ರು, ಯಾರೂ ಮುಟ್ಲಿಲ್ಲ. ಹುಡುಗಿ ಸುಳ್ಳು ಹೇಳ್ತಿದ್ದಾಳೆ ಅಂತ ಒಬ್ಬರೂ ಅನ್ಲಿಲ್ಲ, ಅದೊಂದು ಸಮಾಧಾನ. ಆದ್ರೆ ಎರಡು ಗಂಟೆ ಮಾತಾಡಿದ್ದರಲ್ಲಿ ಅವಳ ಬಗ್ಗೆ ಮಾತಾಡಿದ್ದು ಹತ್ತು ನಿಮಿಷ ಇರಬಹುದು, ಉಳಿದಿದ್ದೆಲ್ಲ ಸಂಘದ ಹೆಸರು, ಸಸಿಗೆ ಬರಬೇಕಿದ್ದ ದುಡ್ಡು, ಸರ್ ಮನೆಯವರ ಮರ್ಯಾದೆ, ಪೇಪರಿನವರಿಗೆ ಗೊತ್ತಾದ್ರೆ ಏನು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನೋ ಲೆಕ್ಕ. ಮಾರನೇ ದಿನ ಇಬ್ಬರು ಹೋಗಿ ಸರ್ ಹತ್ರ ಮಾತಾಡಿದ್ರು. ಅವರು ಮೆಸೇಜ್ ಕಳಿಸಿದ್ದನ್ನ ಇಲ್ಲ ಅನ್ಲಿಲ್ಲ, ‘ಮಗಳ ಥರ ನೋಡಿದೆ, ತಪ್ಪು ತಿಳ್ಕೊಂಡಿದ್ದಾಳೆ’ ಅಂದ್ರು. ರಾಜೀನಾಮೆ ಕೊಡ್ತೀನಿ, ಆದ್ರೆ ಗೌರವವಾಗಿ ಹೋಗ್ಬೇಕು ಅಂತ ಷರತ್ತು. ನಾವು ಒಪ್ಪಿದ್ವಿ.

ವಾಟ್ಸಾಪ್ ಗ್ರೂಪಿಗೆ ನಾನೇ ಟೈಪ್ ಮಾಡಿ ಹಾಕ್ದೆ: ‘ವೈಯಕ್ತಿಕ ಕಾರಣಗಳಿಂದ ಸರ್ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾಗುತ್ತಿದ್ದಾರೆ, ಅವರ ಸೇವೆ ಸದಾ ಸ್ಮರಣೀಯ.’ ಮುಂದಿನ ಭಾನುವಾರ ಕೆರೆ ಏರಿ ಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಫೋಟೋ ತೆಗೆದಿದ್ದೂ ನಾನೇ. ಆ ಫೋಟೋ ಗ್ರೂಪಲ್ಲಿ ಬಿದ್ದಾಗ ಆ ಹುಡುಗಿ ಇನ್ನೂ ಗ್ರೂಪಲ್ಲೇ ಇದ್ದಳು, ಒಂದು ಮಾತೂ ಆಡ್ದೆ ಲೆಫ್ಟ್ ಆದಳು. ನಾನು ಅದನ್ನ ನೋಡ್ದೆ, ನೋಡಿ ಸುಮ್ನಾದೆ.

ಇಲ್ಲಿವರೆಗಿನದ್ದು ಬೇರೆ ಸಂಘಗಳಲ್ಲೂ ಆಗಿರತ್ತೆ, ಗಣೇಶನ ಪೆಂಡಾಲ್ ಕಮಿಟಿಯಿಂದ ಹಿಡಿದು ಲೇಔಟ್ ಅಸೋಸಿಯೇಷನ್ ತನಕ. ಇದಾದ ಮೇಲೆ ಏನಾಯ್ತು ಅನ್ನೋದೇ ನನಗೆ ಈ ಪ್ರಕರಣ.

ಮೊದಲು ಖಜಾಂಚಿ ತಲೆ ಮೇಲೆ ಬಿತ್ತು. ಬ್ಯಾಂಕಿಂದ ರಿಟೈರ್ ಆಗಿದ್ದ ಮನುಷ್ಯ, ಹತ್ತು ರೂಪಾಯಿ ಟೀ ಬಿಲ್ಲಿಗೂ ವೋಚರ್ ಕೇಳೋರು. ಆ ವರ್ಷ ಅವರ ಹೆಂಡತಿಗೆ ಆಪರೇಷನ್ ಆಗಿ ಲೆಕ್ಕಪತ್ರ ಎರಡು ತಿಂಗಳು ತಡ ಆಗಿತ್ತು. ‘ವೈಯಕ್ತಿಕ ಕಾರಣ’ ಅಂದ ತಕ್ಷಣ ಜನ ಅದನ್ನೂ ಇದನ್ನೂ ಜೋಡಿಸಿಬಿಟ್ರು, ದುಡ್ಡಿನ ವಿಷ್ಯ ಕಣ್ರೀ, ಸರ್ ಪ್ರಶ್ನೆ ಮಾಡಿದ್ರಂತೆ, ಅದಕ್ಕೆ ಎಲ್ಲಾ ಸೇರಿ ಅವರನ್ನೇ ಓಡಿಸಿದ್ರಂತೆ. ದಿನಸಿ ಅಂಗಡೀಲಿ ಯಾರೋ ಮುಖಕ್ಕೇ ಕೇಳಿದ್ರಂತೆ, ‘ಏನ್ ಸ್ವಾಮಿ ಗಿಡದ ದುಡ್ಡು ಚಿಗುರ್ತಾ ಇದ್ಯಾ’ ಅಂತ. ನಮಗೆ ಗೊತ್ತಿತ್ತು ಅವರದ್ದು ಏನೂ ಇಲ್ಲ ಅಂತ, ಆದ್ರೆ ಹೇಳ್ಬೇಕಂದ್ರೆ ನಿಜ ಏನು ಅಂತ ಹೇಳ್ಬೇಕಲ್ಲ. ನಮ್ಮ ಮೆಸೇಜ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು, ಆ ಮಬ್ಬಲ್ಲಿ ಯಾರ ಮುಖ ಬೇಕಾದ್ರೂ ಕಳ್ಳನ ಥರ ಕಾಣಬಹುದು.

ಎರಡನೇದು ಇನ್ನೂ ಕೆಟ್ಟದ್ದು. ‘ಅಷ್ಟೇ ಅಲ್ಲ, ಹುಡುಗೀರ ವಿಷಯ ಏನೋ ಇದೆ’ ಅನ್ನೋ ಗುಸುಗುಸು ಕೂಡ ಶುರುವಾಯ್ತು. ಎಲ್ಲಿಂದ ಅಂದ್ರೆ ಬಹುಪಾಲು ಸರ್ ಕಡೆಯಿಂದಲೇ, ತಮ್ಮ ಆಪ್ತರ ಹತ್ರ ‘ಯಾರೋ ಹುಡುಗಿ ಕೈಲಿ ನನ್ನ ಮೇಲೆ ಪಿತೂರಿ ಮಾಡ್ಸಿದ್ರು’ ಅಂತ ಅವರೇ ಅಂದಿದ್ರಂತೆ. ಸರಿ, ಜನ ಶುರು ಮಾಡಿದ್ರು ಪತ್ತೇದಾರಿ, ಇತ್ತೀಚೆಗೆ ಯಾರ್ಯಾರು ಬರ್ತಿಲ್ಲ ಅಂತ ಎಣಿಕೆ. ಅವರು ಹಿಡಿದಿದ್ದು ಈ ವಿಷಯಕ್ಕೆ ಏನೇನೂ ಸಂಬಂಧ ಇಲ್ದೇ ಇರೋ ಒಬ್ಬಳನ್ನ, ಅವಳು ಜಾಂಡೀಸ್ ಆಗಿ ಊರಿಗೆ ಹೋಗಿ ಮಲಗಿದ್ದಳು. ಅವಳ ಅಪ್ಪ ಬೈಕಲ್ಲಿ ಬಂದು ನಮ್ಮ ಮನೆ ಗೇಟ್ ಮುಂದೆ ನಿಂತು, ಒಳಗೂ ಬರ್ದೆ, ‘ನನ್ ಮಗಳ ಹೆಸರು ಯಾಕ್ ಸಾರ್ ಓಡಾಡ್ತಿದೆ’ ಅಂತ ಕೇಳಿದ್ರು. ಏನ್ ಉತ್ತರ ಕೊಡೋದು? ‘ಅವಳಲ್ಲ’ ಅಂದ್ರೆ ‘ಹಾಗಾದ್ರೆ ಯಾರು’ ಅಂತಾರೆ. ಅವಳಲ್ಲ ಅನ್ನೋದೂ ಒಂಥರ ಗುರುತು ಬಿಟ್ಟುಕೊಡೋದೇ, ಒಬ್ಬೊಬ್ಬರನ್ನೇ ‘ಇವಳಲ್ಲ’ ಅಂತ ತೆಗೀತಾ ಹೋದ್ರೆ ಕೊನೆಗೆ ಉಳಿಯೋದು ಒಬ್ಬಳೇ ತಾನೆ.

ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ನಾವು ಗುಟ್ಟು ಕಾಪಾಡಿದ್ವಿ ಅಂತ ಒಳಗೊಳಗೇ ಬೆನ್ನು ತಟ್ಕೊಂಡಿದ್ವಿ. ಕಾಪಾಡಬೇಕಾಗಿದ್ದು ಹುಡುಗಿ ಗುರುತನ್ನ, ನಾವು ಮುಚ್ಚಿಟ್ಟಿದ್ದು ನಡೆದ ವಿಷಯಾನ. ವಿಷಯ ಮುಚ್ಚಿಟ್ರೆ ಜನ ಅದನ್ನ ಹುಡುಕ್ತಾ ಅಗೀತಾರೆ, ಅಗೆಯುವಾಗ ಮೊದಲು ಸಿಗೋದೇ ಯಾರದ್ದಾದ್ರೂ ಹೆಸರು. ‘ಇಂಥ ನಡವಳಿಕೆ ಬಗ್ಗೆ ದೂರು ಬಂತು, ಕೇಳಿದ್ವಿ, ಇಳಿಸಿದ್ವಿ, ಯಾರು ಅಂತ ಹುಡುಕಬೇಡಿ’ ಅಂತ ಮೊದಲ ದಿನವೇ ನಾಲ್ಕು ಸಾಲು ಹಾಕಿದ್ರೆ ಖಜಾಂಚಿಯೂ ಉಳ್ಕೋತಿದ್ರು, ಜಾಂಡೀಸ್ ಹುಡುಗಿಯೂ ಉಳ್ಕೋತಿದ್ದಳು ಅಂತ ನನಗೆ ಈಗ್ಲೂ ಅನ್ಸತ್ತೆ.

ಆಮೇಲೆ ಮಂಡ್ಯದ ಫೋನ್. ನಾಲ್ಕು ತಿಂಗಳಾಗಿರಬೇಕು. ಅಲ್ಲಿ ನಾಲೆ ಪಕ್ಕ ಗಿಡ ಹಾಕೋಕೆ ಹುಡುಗರು ಹುಡುಗೀರು ಸೇರಿ ಹೊಸ ತಂಡ ಕಟ್ತಿದ್ರು, ಅದರ ಒಬ್ಬ ಹುಡುಗ ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ದ. ‘ಸಾ, ನಿಮ್ಮ್ ಸಂಘದೋರು ಒಬ್ರು ನಮ್ಗೆ ಗೈಡ್ ಮಾಡ್ತೀನಿ ಅಂದವ್ರೆ, ನೀವೇ ಶಾಲು ಹಾಕಿರೋ ಫೋಟೋ ಕಳ್ಸವ್ರೆ. ಹೆಂಗೆ ಸಾ ಮನ್ಸ? ನಮ್ ತಂಡದಲ್ಲಿ ಎಣ್ಮಕ್ಳೇ ಜಾಸ್ತಿ, ಅದ್ಕೆ ಒಸಿ ಕೇಳವ ಅಂತ.’

ಪಾಪ, ಕೇಳಬೇಕಾದ್ದನ್ನೇ ನೇರ ಕೇಳಿದ್ದ. ನಾನು ಏನಂದೆ ಗೊತ್ತಾ, ‘ತುಂಬಾ ಅನುಭವಸ್ಥರು’ ಅಂದೆ. ಸುಳ್ಳಲ್ಲ. ಫೋನ್ ಇಟ್ಟ ಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎರಡು ರೌಂಡ್ ಹೊಡೆದೆ, ಮೂರನೇ ರೌಂಡಲ್ಲಿ ಮೇಡಂಗೆ ಫೋನ್ ಮಾಡಿ ಹೀಗಾಯ್ತು ಅಂದೆ. ಅವರು ಬೈದ ಬೈಗುಳ ಇಲ್ಲಿ ಬೇಡ. ನಾನು ತೆಗೆದ ಫೋಟೋ ಇನ್ನೊಂದು ಊರಲ್ಲಿ ಕ್ಯಾರೆಕ್ಟರ್ ಸರ್ಟಿಫಿಕೇಟ್ ಆಗಿ ಓಡಾಡ್ತಿತ್ತು.

ಆಗ ಮಾತ್ರ, ಅಂದ್ರೆ ಎಲ್ಲಾ ಆಗಿ ನಾಲ್ಕು ತಿಂಗಳಿಗೆ, ನಾವು ಒಬ್ಬರು ವಕೀಲರ ಹತ್ರ ಹೋದ್ವಿ. ಅಲ್ಲಿ ಗೊತ್ತಾಗಿದ್ದು ನಮಗೆ ಕಾನೂನು ಎಬಿಸಿಡಿ ಕೂಡ ಬರ್ತಿರ್ಲಿಲ್ಲ ಅಂತ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಇದೆಯಲ್ಲ, ಜನ ಪಾಶ್ ಆ್ಯಕ್ಟ್ ಅಂತಾರೆ, ಅದು ಐಟಿ ಕಂಪನಿಗಳಿಗೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಆದ್ರೆ ಅದರ ವ್ಯಾಖ್ಯೆಯಲ್ಲೇ ಸಂಬಳ ಇಲ್ದೆ ಸ್ವಯಂಸೇವೆ ಮಾಡೋರೂ ಸೇರ್ತಾರೆ, ಕೆಲಸದ ಜಾಗ ಅನ್ನೋದ್ರಲ್ಲಿ ಸಂಘ, ಟ್ರಸ್ಟ್, ಎನ್‌ಜಿಒ ಎಲ್ಲಾ ಬರತ್ತೆ, ಕೆಲಸದ ಮೇಲೆ ಹೋದ ಜಾಗ, ಅದಕ್ಕೆ ಕೊಟ್ಟ ವಾಹನ ಕೂಡ ಬರತ್ತೆ. ಹತ್ತು ಜನ ಅಥವಾ ಮೇಲೆ ಇದ್ರೆ ಆಂತರಿಕ ಸಮಿತಿ ಇರಲೇಬೇಕು, ಹಿರಿಯ ಮಹಿಳೆ ಅಧ್ಯಕ್ಷತೆ, ಕನಿಷ್ಠ ಅರ್ಧ ಹೆಂಗಸರು, ಹೊರಗಿನವರು ಒಬ್ಬರು. ಇಲ್ಲಾಂದ್ರೆ 50,000 ರೂಪಾಯಿ ತನಕ ದಂಡ. ಹತ್ತಕ್ಕಿಂತ ಕಮ್ಮಿ ಜನ ಇದ್ರೆ, ಅಥವಾ ದೂರು ಇರೋದೇ ಸಂಸ್ಥೆ ನಡೆಸೋ ಮಾಲೀಕನ ಮೇಲಾದ್ರೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರತ್ತೆ, ಅಲ್ಲಿಗೆ ಹೋಗ್ಬೇಕು. ನಮ್ಮಲ್ಲಿ ದೂರು ಅಧ್ಯಕ್ಷರ ಮೇಲೇ ಇತ್ತು, ಅದೂ ಸರ್ ಕಟ್ಟಿದ ಸಂಘ, ನಾವು ಆರು ಜನ ಅವರು ಸೇರಿಸಿಕೊಂಡವರು. ಮೊದಲ ದಿನವೇ ಆ ಹುಡುಗಿಗೆ ‘ಅಲ್ಲೊಂದು ಬಾಗಿಲಿದೆ, ಬರೆಯೋಕೆ ನಾವು ಸಹಾಯ ಮಾಡ್ತೀವಿ’ ಅಂತ ಹೇಳೋದು ಬಿಟ್ಟು ನಾವೇ ಪಂಚಾಯ್ತಿ ಕಟ್ಟೆ ಹಾಕ್ಕೊಂಡು ಕೂತಿದ್ವಿ. ದೂರಿಗೆ ಮೂರು ತಿಂಗಳ ಗಡುವು, ಕಾರಣ ಇದ್ರೆ ಇನ್ನೂ ಮೂರು ತಿಂಗಳು ಕೊಡಬಹುದು. ಮೊದಲ ಮೂರು ತಿಂಗಳನ್ನ ನಮ್ಮ ಶಾಲು ಪೇಟ ತಿಂದು ಹಾಕಿತ್ತು.

ಇನ್ನು ಗುಟ್ಟಿನ ವಿಷಯ. ಆ ಕಾಯ್ದೆಯ 16ನೇ ಸೆಕ್ಷನ್ ದೂರಿನ ವಿವರ, ದೂರು ಕೊಟ್ಟವಳು, ಆರೋಪಿ, ಸಾಕ್ಷಿಗಳು ಯಾರು, ವಿಚಾರಣೆಯಲ್ಲಿ ಏನಾಯ್ತು, ಯಾವುದನ್ನೂ ಸಾರ್ವಜನಿಕ ಮಾಡಬಾರದು ಅನ್ನತ್ತೆ. ಕಮಿಟಿಯ ಒಬ್ಬರು ಹಿರಿಯರು ಇದನ್ನ ಕೇಳಿದ ತಕ್ಷಣ ‘ನೋಡಿ, ಅದಕ್ಕೇ ನಾವು ಬಾಯಿ ಬಿಡ್ಲಿಲ್ಲ, ಸರಿಯಾಗೇ ಮಾಡಿದ್ವಿ’ ಅಂದ್ರು. ವಕೀಲರು ಕನ್ನಡಕ ಸರಿ ಮಾಡ್ಕೊಂಡು ಮುಂದಿನ ಸಾಲು ಓದಿ ಅಂದ್ರು. ಮುಂದಿನ ಸಾಲಲ್ಲಿ, ಸಂತ್ರಸ್ತೆಗೆ ಸಿಕ್ಕ ನ್ಯಾಯದ ಬಗ್ಗೆ ಮಾಹಿತಿ ಕೊಡಬಹುದು, ಆದ್ರೆ ಅವಳ ಮತ್ತೆ ಸಾಕ್ಷಿಗಳ ಹೆಸರು, ವಿಳಾಸ, ಗುರುತು ಹಿಡಿಸೋ ಯಾವ ವಿವರವೂ ಇರಬಾರದು ಅಂತಿದೆ. ಅಂದ್ರೆ ಕಾನೂನೇ ಒಂದು ಕಿಟಕಿ ಬಿಟ್ಟಿದೆ. ಆ ಕಿಟಕಿ ಸಾಲಲ್ಲಿ ಕಾಪಾಡಬೇಕಾದವರು ಅಂತ ಇರೋದು ದೂರುದಾರಳು ಮತ್ತೆ ಸಾಕ್ಷಿಗಳು, ಆರೋಪಿ ಪದ ಅಲ್ಲಿಲ್ಲ. ಅದಕ್ಕೆ ಅಂತ ಫ್ಲೆಕ್ಸ್ ಹಾಕ್ಸಿ ಅಂತ ಅರ್ಥ ಅಲ್ಲ, ವಕೀಲರೂ ಹಾಗೆ ಹೇಳ್ಲಿಲ್ಲ, ಹುಷಾರು ಅಂದ್ರು. ಅದೂ ಅಲ್ದೆ ನಾವು ಆ ಕಾಯ್ದೆ ಪ್ರಕಾರ ವಿಚಾರಣೆಯನ್ನೇ ಮಾಡಿರ್ಲಿಲ್ಲ, ಹಾಗಾಗಿ ‘ನ್ಯಾಯ ಕೊಡ್ಸಿದ್ವಿ’ ಅಂತ ಹೇಳ್ಕೊಳ್ಳೋಕೆ ನಮಗೆ ಬಾಯೂ ಇರ್ಲಿಲ್ಲ.

ಮಂಡ್ಯದವರಿಗೆ ಹೇಳಿದ್ರೆ ಮಾನನಷ್ಟ ಕೇಸ್ ಹಾಕಲ್ವಾ ಅನ್ನೋದು ಎಲ್ಲರ ಹೆದರಿಕೆ. ಹಾಕಬಹುದು, ಯಾರನ್ನೂ ತಡೆಯೋಕಾಗಲ್ಲ. ಆದ್ರೆ ಹಳೇ ಐಪಿಸಿ 499ರಲ್ಲಿ, ಈಗ 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿ, ವಿನಾಯಿತಿಗಳ ಪಟ್ಟಿ ಇದೆ, ಅದರಲ್ಲಿ ಕೊನೇದು ನಮಗೇ ಬರೆದ ಹಾಗಿದೆ: ಕೇಳ್ತಿರೋ ವ್ಯಕ್ತಿಯ ಒಳಿತಿಗೋಸ್ಕರ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಮಾನನಷ್ಟ ಅಲ್ಲ. ಸದ್ಭಾವನೆ ಅಂದ್ರೆ ವಿಚಾರಿಸಿ, ಗೊತ್ತಿದ್ದಷ್ಟೇ, ಕೇಳಬೇಕಾದವರಿಗಷ್ಟೇ ಹೇಳೋದು. ಇನ್ನೂರು ಜನರ ವಾಟ್ಸಾಪ್ ಗ್ರೂಪಿಗೆ ಮಸಾಲೆ ಹಾಕಿ ಬಿಡೋದು ಅಲ್ಲ.

ಆದ್ರೆ ವಕೀಲರಿಗಿಂತ ಮೊದಲು ಕೇಳಬೇಕಾಗಿದ್ದು ಇನ್ನೊಬ್ಬರನ್ನ. ಮೇಡಂ ಜೊತೆ ಆ ಹುಡುಗಿಯನ್ನ ಭೇಟಿ ಮಾಡಿದ್ವಿ, ಕ್ಷಮೆ ಕೇಳಿದ್ವಿ. ಅವಳು ಕ್ಷಮಿಸ್ತೀನಿ ಅಂತ ಏನೂ ಹೇಳ್ಲಿಲ್ಲ, ಹೇಳಲೇಬೇಕು ಅಂತಾನೂ ಇಲ್ಲ. ಜಿಲ್ಲಾ ಸಮಿತಿ ವಿಷಯ ಹೇಳಿದ್ವಿ, ಇನ್ನೂ ಟೈಮ್ ಕೇಳಬಹುದು, ನಾವು ಸಾಕ್ಷಿ ಹೇಳ್ತೀವಿ ಅಂದ್ವಿ. ಬೇಡ ಅಂದಳು, ಪರೀಕ್ಷೆ ಇತ್ತು, ಮನೇಲಿ ಹೇಳಿರ್ಲಿಲ್ಲ. ಹೊರಗಡೆ ಏನು ಹೇಳಬಹುದು ಅಂತ ಕೇಳಿದ್ವಿ. ಅದಕ್ಕೆ ಸಿಕ್ಕಿದ ಉತ್ತರ ಕೇಳಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ‘ನನ್ನ ಹೆಸರು ಬೇಡ, ಕಾಲೇಜು ಬೇಡ, ಯಾವ ತಿಂಗಳು ಅಂತಾನೂ ಬೇಡ. ಆದ್ರೆ ಅವರಾಗೇ ಬಿಟ್ರು ಅಂತ ಮಾತ್ರ ಇನ್ನೊಂದ್ಸಲ ಹೇಳಬೇಡಿ. ನೀವು ಇಳಿಸಿದ್ರಿ ತಾನೆ, ಇಳಿಸಿದ್ವಿ ಅಂತ ಹೇಳಿ.’ ನಾವು ನಾಲ್ಕು ತಿಂಗಳಿಂದ ಅವಳಿಗೋಸ್ಕರ ಬಾಯಿ ಮುಚ್ಕೊಂಡಿದೀವಿ ಅಂತ ನಂಬ್ಕೊಂಡಿದ್ವಿ, ಒಂದು ಸಲವೂ ಅವಳನ್ನ ಕೇಳಿರ್ಲಿಲ್ಲ.

ಮಂಡ್ಯಕ್ಕೆ ನಾನೇ ಟ್ರೈನ್ ಹತ್ತಿ ಹೋದೆ, ಇಂಥದ್ದು ಫೋನಲ್ಲಿ ಬೇಡ ಅನ್ನಿಸ್ತು, ರೆಕಾರ್ಡ್ ಭಯವೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಸ್ಟೇಷನ್ ಹತ್ರ ಟೀ ಅಂಗಡೀಲಿ ಆ ಹುಡುಗನೂ ಅವರ ತಂಡದ ಇಬ್ಬರು ಹುಡುಗೀರೂ ಬಂದ್ರು. ಹೇಳಿದ್ದು ಇಷ್ಟೇ: ‘ನಮ್ಮಲ್ಲಿ ಅವರ ಮೇಲೆ ಮಹಿಳಾ ವಾಲಂಟಿಯರ್‌ಗಳ ಜೊತೆ ನಡವಳಿಕೆ ಬಗ್ಗೆ ದೂರು ಬಂತು. ಮೆಸೇಜುಗಳನ್ನ ನಾವು ಕಣ್ಣಾರೆ ನೋಡಿದ್ವಿ. ಅಧ್ಯಕ್ಷ ಸ್ಥಾನದಿಂದ ಇಳಿಸಿದ್ವಿ. ಆ ಫೋಟೋ ನಮ್ಮ ತಪ್ಪು. ಯಾರು ಏನು ಅಂತ ಕೇಳಬೇಡಿ.’ ಆ ಹುಡುಗ ಕೇಳ್ಲಿಲ್ಲ. ಒಬ್ಬಳು ಮಾತ್ರ ‘ರಾತ್ರಿ ಹೊತ್ತು ಹಕ್ಕಿ ಫೋಟೋ ಕಳಿಸ್ತಿದ್ರಾ’ ಅಂದಳು.

ನಾನು ತಲೆ ಆಡಿಸ್ದೆ. ಅದನ್ನ ಹೇಳಬಾರದಿತ್ತೇನೋ, ವಿವರ ಅದು, ಆದ್ರೂ ಆಡಿಸ್ದೆ.

ಮುಂದೆ ನಮ್ಮ ಸರ್ವ ಸದಸ್ಯರ ಸಭೆ. ಸದಸ್ಯರು ರೇಗಿದ್ರು, ನ್ಯಾಯವಾಗೇ ರೇಗಿದ್ರು. ಸಂಘಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಸೈನ್ ಹಾಕಿದ್ರೆ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು, ಒಬ್ಬರು ಅದರ ಅರ್ಜಿಯನ್ನೇ ಟೈಪ್ ಮಾಡಿ ತಂದಿದ್ರು. ಮೊದಲು ದುಡ್ಡಿನ ಲೆಕ್ಕ ತೆಗೆದ್ವಿ, ಇದರಲ್ಲಿ ಗುಟ್ಟು ಅನ್ನೋದೇ ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲು ಸಾಲಾಗಿ ಗೋಡೆ ಮೇಲೆ ಪ್ರೊಜೆಕ್ಟರಲ್ಲಿ, ವೋಚರ್ ಫೈಲು ಟೇಬಲ್ ಮೇಲೆ, ಯಾರು ಬೇಕಾದ್ರೂ ತಿರುವಿ ಹಾಕಿ. ಅರ್ಧ ಗಂಟೆಯಲ್ಲಿ ನಾಲ್ಕು ತಿಂಗಳ ಗುಸುಗುಸು ಸತ್ತೋಯ್ತು. ಖಜಾಂಚಿ ಅದನ್ನ ನೋಡೋಕೆ ಬಂದಿರ್ಲಿಲ್ಲ, ಫೈಲನ್ನ ಮಗನ ಕೈಲಿ ಕಳಿಸಿದ್ರು.

ಆಮೇಲೆ ಮೇಡಂ ಎದ್ದು ಓದಿದ ಹೇಳಿಕೆ, ಹುಡುಗಿ ಮೊದಲೇ ಓದಿ ಒಪ್ಪಿದ್ದು, ಹೀಗಿತ್ತು: ‘ಹಿಂದಿನ ಅಧ್ಯಕ್ಷರ ಮೇಲೆ ಸ್ವಯಂಸೇವಕರ ಜೊತೆ ಅನುಚಿತ ವರ್ತನೆಯ ದೂರು ಬಂದಿತ್ತು. ಕಮಿಟಿ ಅದನ್ನ ನಂಬಲರ್ಹ ಅಂತ ಕಂಡು ಅವರನ್ನ ಸ್ಥಾನದಿಂದ ಇಳಿಸಿತು. ವೈಯಕ್ತಿಕ ಕಾರಣ ಅಂತ ಹೇಳಿದ್ದು ಸರಿಯಲ್ಲ, ಸನ್ಮಾನ ಮಾಡಿದ್ದು ಸರಿಯಲ್ಲ. ಇದಕ್ಕೂ ಸಂಘದ ಹಣಕ್ಕೂ ಸಂಬಂಧ ಇಲ್ಲ. ದೂರು ಕೊಟ್ಟವರ ಬಗ್ಗೆ ಯಾವ ಪ್ರಶ್ನೆಗೂ ಕಮಿಟಿ ಹೌದು ಅಂತಾಗಲಿ ಅಲ್ಲ ಅಂತಾಗಲಿ ಉತ್ತರಿಸುವುದಿಲ್ಲ.’ ಆ ಕೊನೇ ಸಾಲು ಜಾಂಡೀಸ್ ಹುಡುಗಿ ಅಪ್ಪನಿಂದ ಕಲಿತಿದ್ದು. ಹಿಂದಿನ ಸಾಲಿನಿಂದ ಸರ್ ಅಭಿಮಾನಿ ಒಬ್ಬರು ‘ಪುರಾವೆ ತೋರ್ಸಿ’ ಅಂದ್ರು, ಮೇಡಂ ಅದೇ ಕೊನೇ ಸಾಲನ್ನ ಇನ್ನೊಂದ್ಸಲ ಓದಿದ್ರು. ಮೂರು ಸಲ ಓದ್ಬೇಕಾಯ್ತು. ಹನ್ನೊಂದು ಜನ ಸದಸ್ಯತ್ವ ಬಿಟ್ರು. ನಮ್ಮ ಕಮಿಟಿಯ ಹಿರಿಯರು ಈಗ್ಲೂ ಅಂತಾರೆ, ಅಷ್ಟು ಹೇಳಿದ್ದೇ ಜಾಸ್ತಿ, ವಿಚಾರಣೆ ಸರಿಯಾಗಿ ಮಾಡ್ದೆ ಒಬ್ಬ ಮನುಷ್ಯನನ್ನ ಸಭೇಲಿ ನಿಲ್ಲಿಸಿದ್ರಿ ಅಂತ. ಅವರ ಮಾತಲ್ಲೂ ಹುರುಳಿದೆ, ಆಂತರಿಕ ಸಮಿತಿ ಇದ್ದು, ಸರ್ ತಮ್ಮ ಕಡೆ ಹೇಳೋಕೆ ಸರಿಯಾದ ಅವಕಾಶ ಇದ್ದು, ಆಮೇಲೆ ಈ ಹೇಳಿಕೆ ಬಂದಿದ್ರೆ ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ವಾದ ಮಾಡ್ತಿದ್ದೆ. ಈಗ ಸಮಿತಿ ಮಾಡಿದೀವಿ, ಸರ್ವೆಗೆ ಒಬ್ಬರೇ ಹೋಗೋ ಹಾಗಿಲ್ಲ ಅಂತ ರೂಲ್ ಮಾಡಿದೀವಿ, ಬೋರ್ಡಲ್ಲಿ ಮೂರು ಹೆಂಗಸರ ಫೋನ್ ನಂಬರ್ ಇದೆ.

ಒಂದು ಕೆಲಸ ಮಾತ್ರ ಉಳ್ಕೊಂಡಿದೆ. ಮಿನಿಟ್ಸ್ ಬುಕ್ಕಲ್ಲಿ ಅವತ್ತಿನ ತಾರೀಖಿಗೆ ನನ್ನ ಕೈಬರಹದಲ್ಲೇ ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ, ಅಂಗೀಕರಿಸಲಾಯಿತು’ ಅಂತಿದೆ. ಹಾಳೆ ಹರಿಯೋಣ ಅಂದ್ರು ಒಬ್ಬರು. ಬೇಡ ಅಂದೆ, ಹೊಡೆದೂ ಹಾಕ್ಲಿಲ್ಲ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ನಿಜವಾದ ನಿರ್ಣಯ ಬರೆದು, ತಡವಾಗಿ ಬರೆದಿದ್ದು ಅಂತ ತಾರೀಖು ಹಾಕಿ, ಆರು ಜನರ ಹೆಸರು ಬರೆದು ಮುಂದೆ ಸೈನಿಗೆ ಜಾಗ ಬಿಟ್ಟೆ. ನಾಲ್ಕು ಸೈನ್ ಬಿದ್ದಿದೆ. ಹಿರಿಯರು ಹಾಕಲ್ಲ ಅಂದಿದ್ದಾರೆ. ಖಜಾಂಚಿ ಮನೆಗೆ ಬುಕ್ ತಗೊಂಡು ಎರಡು ಸಲ ಹೋಗಿ ಬಂದೆ, ಕಾಫಿ ಕೊಟ್ಟು ಕಳಿಸಿದ್ರು.